ಬಿದಿರಿನ ಸೈಕಲ್ಲಿಗೆ ಬೇಕಾದ ಕಬ್ಬಿಣದ ಭಾಗಗಳನ್ನು ಮನೆಯಲ್ಲೇ ಮಾಡಬಹುದಾ?

ಬಿದಿರಿನ ಸೈಕಲ್ ಕಟ್ಟಬೇಕೆಂದು ಹೊರಟವರೆಲ್ಲ ಕೇಳುವುದು ಇದನ್ನೇ: ಬಿದಿರ ಗಳ ಸಿಕ್ಕಿತು, ಎಪಾಕ್ಸಿ ಸಿಕ್ಕಿತು, ಸುತ್ತಲು ನಾರೂ ಸಿಕ್ಕಿತು. ಆದರೆ ಪೆಡಲಿನ ಬೇರಿಂಗ್ ಕೂರುವ ಬಿಬಿ ಶೆಲ್, ಹ್ಯಾಂಡಲ್ ತಿರುಗುವ ಹೆಡ್ ಟ್ಯೂಬ್, ಹಿಂದಿನ ಚಕ್ರ ಸಿಕ್ಕಿಸುವ ಡ್ರಾಪ್‌ಔಟ್, ಇವನ್ನು ನಾವೇ ಮಾಡಿಕೊಳ್ಳಬಹುದಾ, ಹೊರಗಿನಿಂದ ತರಿಸಲೇಬೇಕಾ?

ತರಿಸಬೇಕಿಲ್ಲ. ಡ್ರಾಪ್‌ಔಟನ್ನು ನೀವೇ ಮಾಡಿ, ಹೆಡ್ ಟ್ಯೂಬನ್ನು ಲೇತಿನವರಿಂದ ಮಾಡಿಸಿ. ಬಿಬಿ ಶೆಲ್ ಮಾತ್ರ ಮಾಡಲು ಹೋಗಬೇಡಿ, ಗುಜರಿ ಫ್ರೇಮಿನಿಂದ ಕತ್ತರಿಸಿಕೊಳ್ಳಿ. ಮುಂದಿನ ಫೋರ್ಕನ್ನು ಅಂಗಡಿಯಿಂದ ಹೊಸದಾಗಿಯೇ ಕೊಳ್ಳಿ. ಅದು ಮುರಿದರೆ ಮುಖವೇ ಮೊದಲು ನೆಲಕ್ಕೆ ಬಡಿಯುತ್ತದೆ. ಅಲ್ಲಿ ಉಳಿತಾಯದ ಮಾತೇ ಬೇಡ.

ಶೆಲ್ ಯಾಕೆ ಬೇಡ ಅಂದರೆ, ಅದರ ಥ್ರೆಡ್. ಹೆಚ್ಚಾಗಿ ಸಿಗುವ ಇಂಗ್ಲಿಷ್ ಅಳತೆಯಲ್ಲಿ ಅಗಲ 68 ಮಿ.ಮೀ., ಥ್ರೆಡ್ಡಿನ ವ್ಯಾಸ 1.37 ಇಂಚು, ಇಂಚಿಗೆ 24 ಸುತ್ತು. ಚೈನ್ ಇರುವ ಬಲಬದಿಯದು ಉಲ್ಟಾ ಥ್ರೆಡ್. ಎರಡೂ ಬದಿ ಒಂದೇ ಗೆರೆಯಲ್ಲಿ ಇರದಿದ್ದರೆ ಬೇರಿಂಗ್ ಬೇಗ ಸವೆಯುತ್ತದೆ. ಹಳೆಯ ಸ್ಟೀಲ್ ಎಂಟಿಬಿ (ಮೌಂಟನ್ ಬೈಕ್) ಫ್ರೇಮಿನಲ್ಲಿ ಈ ಕೆಲಸ ಆಗಲೇ ಮುಗಿದಿರುತ್ತದೆ. ಕೊಳ್ಳುವ ಮೊದಲು ನಿಮ್ಮ ಕಪ್ಪುಗಳನ್ನು (ಶೆಲ್ಲಿನ ಎರಡೂ ಬದಿಗೆ ಕೂರುವ, ಬೇರಿಂಗ್ ಹಿಡಿಯುವ ಬಟ್ಟಲುಗಳನ್ನು) ಕೈಯಲ್ಲೇ ತಿರುಗಿಸಿ ನೋಡಿ, ಎರಡೂ ಸಲೀಸಾಗಿ ಕೂರಬೇಕು.

ಕತ್ತರಿಸುವಾಗ ಶೆಲ್ಲನ್ನು ಬೋಳು ಮಾಡಬೇಡಿ. ಹಳೆಯ ಟ್ಯೂಬುಗಳ ತುಂಡು 10 ಮಿ.ಮೀ. ಆದರೂ ಉಳಿಯಲಿ. ಬಿದಿರಿನ ಸೈಕಲ್ಲಿನಲ್ಲಿ ನಾರಿನ ಹೊದಿಕೆಯೊಳಗೇ ಶೆಲ್ ಕಳಚಿಕೊಂಡು ತಿರುಗತೊಡಗುವುದು ಕಾಣಸಿಗುವ ತೊಂದರೆ. ನುಣ್ಣನೆಯ ಕೊಳವೆಗೆ ಎಪಾಕ್ಸಿಯ ಅಂಟೊಂದೇ ಆಧಾರ. ಮೊಳೆಗಳಂತೆ ಚಾಚಿದ ತುಂಡುಗಳಿದ್ದರೆ ಅದು ತಿರುಗಲು ಜಾಗವೇ ಇರುವುದಿಲ್ಲ. ತುಂಡುಗಳನ್ನು ಹೊಸದಾಗಿ ವೆಲ್ಡ್ ಮಾಡಿಸುವುದಾದರೆ ಒಳಗೆ ಹಳೆಯ ಕಪ್ಪುಗಳನ್ನು ತಿರುಗಿಸಿಟ್ಟೇ ಮಾಡಿಸಿ. ಇಲ್ಲದಿದ್ದರೆ ಬಿಸಿಗೆ ಶೆಲ್ ಮೊಟ್ಟೆಯಾಕಾರಕ್ಕೆ ತಿರುಗಿ ಕಪ್ಪು ಹಿಡಿಯುವುದಿಲ್ಲ. ಸತು ಲೇಪಿಸಿದ ಜಿಐ ಪೈಪಿನ ತುಂಡು ಮಾತ್ರ ಬೇಡ. ಅದರ ಸತುವಿನ ಹೊಗೆ ಕುಡಿದವರಿಗೆ ಜ್ವರ ಬರುತ್ತದೆ.

ಹೆಡ್ ಟ್ಯೂಬಿಗೆ ಹೊರವ್ಯಾಸ 38 ಮಿ.ಮೀ., ದಪ್ಪ 3 ಮಿ.ಮೀ. ಇರುವ ಸ್ಟೀಲ್ ಟ್ಯೂಬ್ ಸಾಕು. ಒಳಗೆ 32 ಮಿ.ಮೀ. ಉಳಿಯುತ್ತದೆ, 28.6 ಮಿ.ಮೀ. ಫೋರ್ಕಿನ ಕಾಂಡ ಅದರೊಳಗೆ ಆರಾಮಾಗಿ ಹೋಗುತ್ತದೆ. ಎರಡೂ ತುದಿಯಲ್ಲಿ 15 ಮಿ.ಮೀ. ಆಳದವರೆಗೆ 34 ಮಿ.ಮೀ.ಗೆ ಬೋರ್ ಮಾಡಿಸಿ. ಹೆಡ್‌ಸೆಟ್ಟಿನ, ಅಂದರೆ ಹ್ಯಾಂಡಲ್ ತಿರುಗಿಸುವ ಬೇರಿಂಗ್ ಜೋಡಿಯ, ಕಪ್ಪು ಒತ್ತಿಯೇ ಕೂರಬೇಕು, ಆದ್ದರಿಂದ ರಂಧ್ರ ಕೂದಲೆಳೆಯಷ್ಟು ಚಿಕ್ಕದಾದರೂ ಪರವಾಗಿಲ್ಲ, ದೊಡ್ಡದಾಗಬಾರದು. ಲೇತಿನವರ ಕೈಗೆ ಹೆಡ್‌ಸೆಟ್ಟನ್ನೇ ಕೊಟ್ಟುಬಿಡಿ, ಚೀಟಿಯಲ್ಲಿ ಬರೆದ ಅಳತೆಗಿಂತ ಅದು ಮೇಲು. ಎರಡು ತುದಿಯ ಮುಖಗಳು ಒಂದಕ್ಕೊಂದು ಸಮಾನಾಂತರವಾಗಿರಬೇಕೆಂದು ಬಾಯಿಬಿಟ್ಟು ಹೇಳಿ. ಹೊರಮೈಗೆ ಅರ್ಧ ಮಿ.ಮೀ. ಆಳದ ಗೆರೆಗಳನ್ನು ಹಾಕಿಸಿದರೆ ಹೊದಿಕೆ ಕಚ್ಚಿಕೊಳ್ಳುತ್ತದೆ.

ಇನ್ನು ಡ್ರಾಪ್‌ಔಟ್. 6 ಮಿ.ಮೀ. ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿನಲ್ಲಿ ಸುಮಾರು 120 × 70 ಮಿ.ಮೀ.ನ ಎರಡು ತುಂಡು ಬೇಕು. ಬೆಂಗಳೂರಿನಲ್ಲಿರುವವರು ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಬಹುದು, ಆದರೆ ಹ್ಯಾಕ್ಸಾ, ಡ್ರಿಲ್, ಅರ ಇದ್ದರೆ ಮನೆಯಲ್ಲೇ ಆಗುತ್ತದೆ. ಎರಡು ತುಂಡನ್ನೂ ಬೋಲ್ಟ್ ಹಾಕಿ ಒಂದರ ಮೇಲೊಂದು ಬಿಗಿದು, ಕೊನೆಯವರೆಗೂ ಜೋಡಿಯಾಗಿಯೇ ಕೆಲಸ ಮಾಡಿ. ಬೇರೆಬೇರೆ ಮಾಡಿದರೆ ಒಂದರ ಸೀಳು ಒಂದೆರಡು ಮಿ.ಮೀ. ಹಿಂದೆ ಬಿದ್ದು ಚಕ್ರ ಓರೆಯಾಗಿ ಕೂರುತ್ತದೆ. ಸೀಳು ಮುಗಿಯಬೇಕಾದಲ್ಲಿ 10 ಮಿ.ಮೀ. ತೂತು ಕೊರೆದು, ಹಿಂದಿನ ಅಂಚಿನಿಂದ ಅಲ್ಲಿಯವರೆಗೆ ಎರಡು ಗೆರೆ ಗರಗಸ ಎಳೆಯಿರಿ. ಗರಗಸ ಗೆರೆಯ ಒಳಬದಿಯಲ್ಲೇ ಓಡಲಿ, ಉಳಿದದ್ದನ್ನು ಅರದಿಂದ ಉಜ್ಜುತ್ತ, ಆಗಾಗ ಚಕ್ರದ ನಡುವಿನ ಹಬ್ಬಿನ ಆಕ್ಸಲ್ಲನ್ನೇ ಇಟ್ಟು ನೋಡಿ. ಗೇರ್ ಇಲ್ಲದ ಸೈಕಲ್ಲಿಗೆ 25–30 ಮಿ.ಮೀ. ಉದ್ದದ ಅಡ್ಡ ಸೀಳು ಇರಲಿ, ಚೈನ್ ಎಳೆದು ಬಿಗಿ ಮಾಡಲು ಅದು ಬೇಕು. ಬಿದಿರಿನೊಳಗೆ ಹೋಗುವ ನಾಲಿಗೆಗೆ ಮೂರು ನಾಲ್ಕು ತೂತು ಕೊರೆಯಿರಿ. ಎಪಾಕ್ಸಿ ಅವುಗಳ ಮೂಲಕ ಹಾದು ಗಟ್ಟಿಯಾದ ಮೇಲೆ ನಾಲಿಗೆ ಜಾರುವುದಿಲ್ಲ.

ಎರಡು ಡ್ರಾಪ್‌ಔಟ್‌ಗಳ ನಡುವಿನ ಅಂತರ ಹಬ್ಬಿನ ಮೇಲೆ ನಿಂತಿದೆ: ಎಂಟಿಬಿಗೆ ಸಾಮಾನ್ಯವಾಗಿ 135, ರೋಡ್ ಸೈಕಲ್ಲಿಗೆ 130 ಮಿ.ಮೀ. ನಿಮ್ಮ ಹಬ್ಬನ್ನು ಲಾಕ್‌ನಟ್‌ನಿಂದ ಲಾಕ್‌ನಟ್‌ಗೆ ಅಳೆದುಕೊಳ್ಳಿ. ಎಂ10 ಥ್ರೆಡ್ ರಾಡಿಗೆ ನಾಲ್ಕು ನಟ್ ಹಾಕಿ ಎರಡನ್ನೂ ಆ ಅಂತರದಲ್ಲಿ ಬಿಗಿದರೆ ಅದೇ ಜಿಗ್, ಅಂದರೆ ಅಳತೆ ತಪ್ಪದಂತೆ ಹಿಡಿದಿಡುವ ಸಾಧನ. ಆಮೇಲೆ ಒಂದು ಡ್ರಾಪ್‌ಔಟಿನಿಂದ ಹೆಡ್ ಟ್ಯೂಬ್ ಸುತ್ತಿ ಇನ್ನೊಂದಕ್ಕೆ ದಾರ ಎಳೆದು, ಸೀಟ್ ಟ್ಯೂಬಿನ ಎರಡೂ ಬದಿಯ ಅಂತರ ಒಂದೇ ಇದೆಯೇ ನೋಡಿ. ಸ್ಟೀಲ್ ಫ್ರೇಮ್ ಓರೆಯಾದರೆ ಬಗ್ಗಿಸಿ ಸರಿಮಾಡಬಹುದು. ಬಿದಿರನ್ನು ಹಾಗೆ ಬಗ್ಗಿಸಲಾಗದು, ಆದ್ದರಿಂದ ಎಲ್ಲ ಪರೀಕ್ಷೆಯೂ ಎಪಾಕ್ಸಿ ಹಚ್ಚುವ ಮೊದಲೇ ಮುಗಿಯಬೇಕು.

ಸೀಟ್ ಪೋಸ್ಟನ್ನು ನೇರವಾಗಿ ಬಿದಿರಿಗೆ ಇಳಿಸಿದರೆ ಗಳ ಸೀಳುತ್ತದೆ. ಅದೇ ಗುಜರಿ ಫ್ರೇಮಿನ ಸೀಟ್ ಟ್ಯೂಬಿನ ಮೇಲ್ತುದಿಯ 120 ಮಿ.ಮೀ. ಕತ್ತರಿಸಿ ಒಳಕೊಳವೆಯಂತೆ ಬಿದಿರಿನೊಳಗೆ ಕೂರಿಸಿ, ಅದರ ಅಳತೆಯ ಪೋಸ್ಟನ್ನೇ ಬಳಸಿ. ಕ್ಲ್ಯಾಂಪಿನ ಸೀಳಿನ ಮೇಲೆ ನಾರು ಬರಬಾರದು.

ಬಿದಿರಿನೊಳಗೆ ಲೋಹ ಇಳಿಯುವ ಕಡೆಯಲ್ಲೆಲ್ಲ ಸುತ್ತ ಒಂದು ಮಿ.ಮೀ.ನಷ್ಟು ಜಾಗ ಬಿಡಿ. ಬೇಸಿಗೆಯಲ್ಲಿ ಬಿದಿರು ಒಣಗಿ ಕುಗ್ಗುತ್ತದೆ, ಕಬ್ಬಿಣ ಕುಗ್ಗುವುದಿಲ್ಲ. ಸುತ್ತಿಗೆಯಲ್ಲಿ ಬಡಿದು ಬಿಗಿಯಾಗಿ ಕೂರಿಸಿದ್ದರೆ ಗಳ ಸೀಳುವುದು ಆಗಲೇ. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದ ಬಿದಿರಿನ ಸೈಕಲ್ಲುಗಳಲ್ಲಿ ಸಂದಿಗಳೆಲ್ಲ ಲೋಹದ್ದೇ. ಈಗ ಸಂದಿಯನ್ನು ಹಿಡಿಯುವುದು ಸುತ್ತಿದ ನಾರು ಮತ್ತು ಎಪಾಕ್ಸಿ, ಆದ್ದರಿಂದ ಲೋಹ ಬಿದಿರಿನಲ್ಲಿ ಬಿಗಿಯಾಗಿ ಕೂರಬೇಕಾಗಿಲ್ಲ. ಜಾಗವನ್ನು ಮರದ ಹುಡಿ ಬೆರೆಸಿದ ಎಪಾಕ್ಸಿಯಿಂದ ತುಂಬಿ. ಐದು ನಿಮಿಷದಲ್ಲಿ ಗಟ್ಟಿಯಾಗುವ ಟ್ಯೂಬ್ ಎಪಾಕ್ಸಿ ಈ ಕೆಲಸಕ್ಕಲ್ಲ.

ಅಂಟಿಸುವ ದಿನ ಬಣ್ಣ, ತುಕ್ಕು ಎಲ್ಲ ಗ್ರೈಂಡರಿನಲ್ಲಿ ತೆಗೆದು, 80 ನಂಬರಿನ ಎಮೆರಿಯಿಂದ ಗೀಚಿ, ಅಸಿಟೋನಿನಿಂದ ಒರೆಸಿ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ. ಗಂಟೆಯೊಳಗೆ ಎಪಾಕ್ಸಿ ಹಚ್ಚಿ, ಮಳೆಗಾಲದಲ್ಲಂತೂ ಬರಿಗಬ್ಬಿಣದ ಮೇಲೆ ಬೇಗ ತುಕ್ಕು ಕೂರುತ್ತದೆ. ಸೆಣಬಿನ ನಾರಾದರೆ ನೇರವಾಗಿ ಸುತ್ತಬಹುದು. ಕಾರ್ಬನ್ ನಾರಾದರೆ ಮೊದಲು ಒಂದು ಪದರ ಗ್ಲಾಸ್ ಫೈಬರ್ ಬೇಕೇಬೇಕು. ಕಾರ್ಬನ್ ಲೋಹಕ್ಕೆ ತಾಗಿ ನೀರು ಸೇರಿದರೆ ಲೋಹ ಕೊರೆದುಹೋಗುತ್ತದೆ, ಅಲ್ಯೂಮಿನಿಯಂ ಆದರೆ ಇನ್ನೂ ಬೇಗ.

ಸುತ್ತುವ ಮೊದಲು ಶೆಲ್ಲಿನ ತಳದ ನಡುವೆ, ಥ್ರೆಡ್ಡಿಗೆ ತಾಗದಂತೆ, 4 ಮಿ.ಮೀ. ತೂತು ಕೊರೆಯಿರಿ. ಹೊದಿಕೆ ಒಣಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಡ್ರಿಲ್ ಇಳಿಸಿ. ಸೀಟಿನ ಕಡೆಯಿಂದ ಒಳಗಿಳಿದ ಮಳೆನೀರು ಬೇರಿಂಗಿನ ಪಕ್ಕದಲ್ಲಿ ನಿಲ್ಲದೆ ಅಲ್ಲಿಂದ ಹೊರಗೆ ಹೋಗುತ್ತದೆ.