ಮಗು ‘ಬಂತು’ ಎನ್ನುವ ಹೊತ್ತಿಗೆ ತಡವಾಗಿರುತ್ತದೆ

ಬೆಂಗಳೂರಿನ ಹೊರವಲಯದ ಒಂದು ಮನರಂಜನಾ ಪಾರ್ಕಿನಲ್ಲಿ ನಾನು ಮಕ್ಕಳ ವಿಭಾಗದ ಮೇಲ್ವಿಚಾರಕಿ. ನೀರಿನ ಆಟ, ಒಣ ಆಟ ಎರಡೂ ಇರುವ ಜಾಗ. ಬೇಸಿಗೆ ರಜೆಯ ಭಾನುವಾರ, ದಸರಾ ರಜೆ, ಡಿಸೆಂಬರಿನ ಕೊನೆಯ ವಾರ ಬಂತೆಂದರೆ ಕಾಲಿಡಲು ಸ್ಥಳವಿರುವುದಿಲ್ಲ. ನಮ್ಮ ಕೌಂಟರಿಗೆ ಬರುವವರು ರೈಡ್‌ಗಳ ಬಗ್ಗೆ ಕೇಳುವುದು ಕಡಿಮೆ. ‘ಹತ್ತಿರದಲ್ಲಿ ಟಾಯ್ಲೆಟ್ ಎಲ್ಲಿದೆ?’ ಎಂದು ಕೇಳುವವರೇ ಹೆಚ್ಚು. ಅದನ್ನೂ ನಿಂತು ಕೇಳುವುದಿಲ್ಲ, ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಲೇ ಕೇಳುತ್ತಾರೆ.

ಎರಡರಿಂದ ನಾಲ್ಕು ವರ್ಷದ ಮಕ್ಕಳ ಈ ಓಟವನ್ನು ನೋಡುತ್ತ ನಾನು ಕಲಿತದ್ದು ಇಷ್ಟು: ಮಗು ಕೇಳಿದ ಮೇಲೆ ಹೊರಡುವುದೆಂದರೆ ತಡವಾಗಿ ಹೊರಟಂತೆ. ಮಗು ಕೇಳುವ ಮೊದಲೇ ಕರೆದುಕೊಂಡು ಹೋಗಬೇಕು. ಯಾವ ಹೊತ್ತಿಗೆ, ಯಾವ ಜಾಗದಿಂದ ಎಂಬುದನ್ನು ದೊಡ್ಡವರು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಪಾರ್ಕು ನಡೆಸುವವರು ಅದಕ್ಕೆ ಅನುವು ಮಾಡಿಕೊಡಬೇಕು.

ಇದಕ್ಕೆ ಕಾರಣ ಮಗುವಿನ ಹಟವಲ್ಲ, ದೇಹ. ಮಕ್ಕಳ ವೈದ್ಯರು ಬಳಸುವ ಒಂದು ಅಂದಾಜಿನ ಲೆಕ್ಕವಿದೆ. ಮಗುವಿನ ವಯಸ್ಸಿಗೆ ಎರಡು ಕೂಡಿಸಿ 30ರಿಂದ ಗುಣಿಸಿದರೆ ಮೂತ್ರಕೋಶ ಎಷ್ಟು ಮಿಲಿಲೀಟರ್ ಹಿಡಿಯುತ್ತದೆಂದು ತಿಳಿಯುತ್ತದೆ. ಮೂರು ವರ್ಷದ ಮಗುವಿಗೆ ಸುಮಾರು 150 ಮಿಲಿಲೀಟರ್, ಅಂದರೆ ಮನೆಯಲ್ಲಿ ಕುಡಿಯುವ ಒಂದು ಕಾಫಿ ಲೋಟದಷ್ಟು. ಬಿಸಿಲೆಂದು ಮಾವಿನ ಜ್ಯೂಸಿನ ಪೊಟ್ಟಣವನ್ನೋ ಅರ್ಧ ಬಾಟಲಿ ನೀರನ್ನೋ ಕುಡಿಸಿದರೆ ಅದು ತುಂಬಲು ಹೆಚ್ಚು ಹೊತ್ತು ಬೇಡ. ಅದರ ಮೇಲೆ ತಣ್ಣೀರಿನಲ್ಲಿ ಆಟ. ದೇಹ ತಣ್ಣೀರಿನಲ್ಲಿ ಮುಳುಗಿದಾಗ ಕೈಕಾಲುಗಳ ರಕ್ತ ಒಳಕ್ಕೆ ಸರಿಯುತ್ತದೆ, ಮೂತ್ರಪಿಂಡಗಳು ಹೆಚ್ಚು ಮೂತ್ರ ತಯಾರಿಸುತ್ತವೆ. ಮನೆಯಲ್ಲಿ ಎರಡು ಗಂಟೆ ಸುಮ್ಮನಿರುವ ಮಗು ಇಲ್ಲಿ ಮುಕ್ಕಾಲು ಗಂಟೆಗೇ ಕುಣಿಯತೊಡಗುವುದು ಇದರಿಂದ. ಆಟದ ಅಮಲಿನಲ್ಲಿ ಒಳಗಿನ ಸೂಚನೆ ಮಗುವಿಗೆ ತಿಳಿಯುವುದೂ ತಡ. ತಿಳಿದು ‘ಅಮ್ಮಾ, ಸುಸ್ಸು’ ಎಂದು ಬಾಯಿ ಬಿಡುವಷ್ಟರಲ್ಲಿ ಕೈಯಲ್ಲಿ ಉಳಿದಿರುವುದು ಒಂದೆರಡು ನಿಮಿಷ.

ಹಾಗಾಗಿ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ನಾನು ಮಕ್ಕಳ ಬಾಯಿಗಿಂತ ಕಾಲುಗಳನ್ನು ನೋಡಲು ಹೇಳುತ್ತೇನೆ. ತೊಡೆಗೆ ತೊಡೆ ಒತ್ತಿ ನಿಲ್ಲುವುದು, ಒಂದೇ ಕಾಲಿನಲ್ಲಿ ಕುಪ್ಪಳಿಸುವುದು, ಇದ್ದಕ್ಕಿದ್ದಂತೆ ಕುಕ್ಕರುಗಾಲಿನಲ್ಲಿ ಕುಳಿತು ಹಿಮ್ಮಡಿಯನ್ನು ಒತ್ತಿಕೊಳ್ಳುವುದು ಒಂದಕ್ಕೆ ಬಂದುದರ ಗುರುತು. ಕೂಗಾಡುತ್ತಿದ್ದ ಮಗು ಫಕ್ಕನೆ ಮೌನವಾಗಿ ಜಾರುಬಂಡೆಯ ಕಂಬದ ಹಿಂದೆ ಹೋಗಿ ನಿಂತರೆ ಅದು ಎರಡಕ್ಕೆ. ಜಾರುಬಂಡೆಯ ಬುಡದಲ್ಲಿ ನಿಂತ ಸಿಬ್ಬಂದಿಗೆ ಇದು ತಾಯಿಗಿಂತ ಮೊದಲೇ ಕಾಣುತ್ತದೆ. ತಾಯಿಯ ಕಣ್ಣು ಮೊಬೈಲಿನ ಕ್ಯಾಮೆರಾದಲ್ಲಿರುತ್ತದೆ. ಅದನ್ನು ನಾನು ತಪ್ಪೆನ್ನುವುದಿಲ್ಲ, ವರ್ಷಕ್ಕೊಮ್ಮೆ ಬರುವವರು ಅವರು. ‘ಅಕ್ಕಾ, ಪಾಪುವನ್ನು ಒಮ್ಮೆ ಕರೆದುಕೊಂಡು ಹೋಗಿ ಬನ್ನಿ, ನಿಮ್ಮ ಜಾಗ ನಾನು ನೋಡಿಕೊಳ್ಳುತ್ತೇನೆ’ ಎಂದು ನಮ್ಮವರು ಹೇಳಿದರೆ ಬಹುತೇಕ ತಾಯಂದಿರು ಒಡನೆ ಏಳುತ್ತಾರೆ.

‘ನಿಮ್ಮ ಜಾಗ ನಾನು ನೋಡಿಕೊಳ್ಳುತ್ತೇನೆ’ ಎಂಬ ಆ ಮಾತಿನಲ್ಲೇ ಎಲ್ಲ ಇದೆ. ಸರತಿ ಸಾಲಿನಲ್ಲಿ ಬಹಳ ಹೊತ್ತು ನಿಂತು, ಇನ್ನು ಹತ್ತು ಜನರ ನಂತರ ತಮ್ಮ ಸರದಿ ಎನ್ನುವಾಗ ಮಗು ಕೇಳಿದರೆ ಯಾವ ತಂದೆಗೂ ಹೊರಬರಲು ಮನಸ್ಸಾಗುವುದಿಲ್ಲ. ‘ಸ್ವಲ್ಪ ತಡೆದುಕೋ ಚಿನ್ನ’ ಎನ್ನುತ್ತಾರೆ. ತಡೆದುಕೊಳ್ಳುವ ಶಕ್ತಿಯೇ ಇನ್ನೂ ಬೆಳೆಯದ ವಯಸ್ಸು ಅದು. ಹೊರಡಲು ಮನಸ್ಸು ಮಾಡಿದರೂ ಎರಡೂ ಕಡೆ ಕಬ್ಬಿಣದ ಕಂಬಿ, ಹಿಂದೆ ಜನ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ‘ರೈಡರ್ ಸ್ವಿಚ್’ ಎಂಬ ವ್ಯವಸ್ಥೆಯಿದೆ. ಪುಟ್ಟ ಮಗುವಿನ ಜೊತೆ ಒಬ್ಬರು ಹೊರಗೆ ಉಳಿದು, ಮತ್ತೊಬ್ಬರು ರೈಡ್ ಮುಗಿಸಿ ಬಂದ ಮೇಲೆ, ಹೊರಗೆ ಉಳಿದವರು ಮತ್ತೆ ಪೂರ್ತಿ ಸಾಲಿನಲ್ಲಿ ನಿಲ್ಲದೆ ಹೋಗಬಹುದು. ಅದರಿಂದ ಎಳೆ ಹಿಡಿದು ನಾವು ಒಂದು ಚೀಟಿಯ ಪದ್ಧತಿ ತಂದೆವು. ಮಗುವಿನೊಂದಿಗೆ ಸಾಲು ಬಿಟ್ಟು ಶೌಚಾಲಯಕ್ಕೆ ಹೋಗುವವರಿಗೆ ಕಂಬಿಯ ಬಳಿಯಿರುವ ಸಿಬ್ಬಂದಿ ಸಮಯ ಬರೆದ ಚೀಟಿ ಕೊಡುತ್ತಾರೆ. ವಾಪಸ್ಸು ಬಂದವರು ಹೊರಹೋಗುವ ದಾರಿಯಿಂದ ಬಂದು ಅದನ್ನು ತೋರಿಸಿದರೆ ಸಾಕು. ಮೊದಮೊದಲು ಸಾಲಿನಲ್ಲಿದ್ದವರು ಗಲಾಟೆ ಮಾಡುತ್ತಿದ್ದರು, ‘ನಡುವೆ ನುಗ್ಗಿಸುತ್ತೀರಾ?’ ಎಂದು. ಈಗ ಚೀಟಿ ಕೊಡುವಾಗಲೇ ಸಿಬ್ಬಂದಿ ಎಲ್ಲರಿಗೂ ಕೇಳುವಂತೆ, ‘ಮಗುವಿಗೆ ಅವಸರವಿದೆ, ಇವರು ಹೋಗಿ ಬರುತ್ತಾರೆ, ಇವರ ಜಾಗ ಇಲ್ಲೇ ಇರುತ್ತದೆ’ ಎಂದು ಹೇಳುತ್ತಾರೆ. ಮುಂಚಿತವಾಗಿ ತಿಳಿಸಿದ್ದಕ್ಕೆ ಜನ ತಕರಾರು ತೆಗೆಯುವುದಿಲ್ಲ. ಎಷ್ಟೋ ಸಲ ಅವರೇ ಸರಿದು ದಾರಿ ಬಿಡುತ್ತಾರೆ.

ಆದರೂ ಸಾಲಿಗೆ ನಿಲ್ಲುವ ಮುನ್ನವೇ ಮುಗಿಸಿಕೊಂಡು ಬರುವುದು ಎಲ್ಲಕ್ಕಿಂತ ಸುಲಭ. ನೀರಿನ ವಿಭಾಗದಲ್ಲಂತೂ ಕಾಸ್ಟ್ಯೂಮ್ ಹಾಕಿಸುವ ಮೊದಲು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಗು ಹೇಗೂ ಬರಿಮೈಯಲ್ಲಿರುತ್ತದೆ, ಶೌಚಾಲಯ ಪಕ್ಕದಲ್ಲೇ ಇರುತ್ತದೆ. ಆ ಐದು ನಿಮಿಷವನ್ನು ಬಿಟ್ಟರೆ ಮುಂದಿನ ಕಷ್ಟ ಏನೆಂದು ನಾನು ದಿನವೂ ನೋಡುತ್ತೇನೆ. ಬೆನ್ನಿಗೆ ಜಿಪ್ ಇರುವ, ಮೈಯೆಲ್ಲ ಮುಚ್ಚುವ ನೈಲಾನ್ ಉಡುಪು ಒದ್ದೆಯಾದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಜಿಪ್ ಅರ್ಧಕ್ಕೆ ಬಂದು ಒಳಗಿನ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ತಾಯಿಯ ಬೆರಳುಗಳು ನೀರಿನಲ್ಲಿ ನೆಂದು ಹಿಡಿತ ಸಿಗುವುದಿಲ್ಲ, ಮಗು ಚಳಿಗೆ ನಡುಗುತ್ತ ಕುಣಿಯುತ್ತಿರುತ್ತದೆ, ಹೊರಗೆ ಯಾರೋ ಬಾಗಿಲು ಬಡಿಯುತ್ತಿರುತ್ತಾರೆ. ಆಗ ತೋಳನ್ನು ಹಿಡಿದು ಎಳೆಯಬಾರದು. ಭುಜದಿಂದ ಆರಂಭಿಸಿ ಬಟ್ಟೆಯನ್ನು ಒಳಮಗ್ಗುಲು ಹೊರಗೆ ಬರುವಂತೆ ಸುರುಳಿ ಸುತ್ತುತ್ತ ಕೆಳಗೆ ಇಳಿಸಬೇಕು. ಅಂಗಡಿಯಲ್ಲಿ ಕೊಳ್ಳುವಾಗಲೇ ಮೇಲಂಗಿ ಮತ್ತು ಚಡ್ಡಿ ಬೇರೆ ಬೇರೆಯಾಗಿರುವ ಜೋಡಿಯನ್ನು ಆರಿಸಿದರೆ ಈ ಪಾಡೇ ಇಲ್ಲ.

ಒಳಗೆ ಹೋದ ಮೇಲೂ ಮಗುವಿಗೆ ಅದು ಹೆದರಿಕೆಯ ಜಾಗ. ಕಮೋಡ್ ಎತ್ತರ, ಕಾಲು ನೆಲಕ್ಕೆ ತಾಗುವುದಿಲ್ಲ, ಒಳಗೆ ಬಿದ್ದುಬಿಡುತ್ತೇನೆಂಬ ಭಯ. ಮಗುವನ್ನು ಹಿಂದುಮುಂದಾಗಿ, ಮುಖ ಟ್ಯಾಂಕಿನ ಕಡೆಗೆ ಇರುವಂತೆ ಕೂರಿಸಿದರೆ ಹಿಡಿದುಕೊಳ್ಳಲು ಆಸರೆ ಸಿಗುತ್ತದೆ, ಸಮಾಧಾನವಾಗಿ ಕೂರುತ್ತದೆ. ಭಾರತೀಯ ಶೈಲಿಯದಾದರೆ ಹಿಂದಿನಿಂದ ಎರಡೂ ತೊಡೆಗಳನ್ನು ಹಿಡಿದು ಎತ್ತಿಕೊಳ್ಳುವ ಅಜ್ಜಿಯಂದಿರ ಹಳೆಯ ವಿಧಾನಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ತಾನಾಗಿಯೇ ಫ್ಲಶ್ ಆಗುವ ಕಮೋಡಿನ ಸದ್ದಿಗೆ ಒಮ್ಮೆ ಬೆಚ್ಚಿದ ಮಗು ಆ ದಿನವೆಲ್ಲ ಮತ್ತೆ ಒಳಗೆ ಬರಲು ಒಪ್ಪುವುದಿಲ್ಲ. ಅದರ ಸಂವೇದಕದ ಕಣ್ಣಿಗೆ ಅಂಗೈ ಅಡ್ಡ ಹಿಡಿದರೆ ಮಗು ಎದ್ದು ಈಚೆ ಬರುವವರೆಗೆ ಅದು ಸುಮ್ಮನಿರುತ್ತದೆ.

ಕೈ ಒಣಗಿಸುವ ಯಂತ್ರವೂ ಅಷ್ಟೇ. ಕೆನಡಾದ ಶಾಲಾ ಬಾಲಕಿಯೊಬ್ಬಳು ಸಾರ್ವಜನಿಕ ಶೌಚಾಲಯಗಳ ಈ ಯಂತ್ರಗಳ ಸದ್ದನ್ನು ಮಕ್ಕಳ ಕಿವಿಯ ಎತ್ತರದಲ್ಲಿ ಅಳೆದಳು. ಕೆಲವು 100 ಡೆಸಿಬಲ್ ದಾಟುತ್ತವೆಂದು ಆಕೆ ಬರೆದ ಪ್ರಬಂಧ 2019ರಲ್ಲಿ ಅಲ್ಲಿನ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಿವಿ ಮುಚ್ಚಿಕೊಂಡು ಅಳುವ ಮಗು ಸುಳ್ಳು ಹೇಳುತ್ತಿಲ್ಲ. ನಮ್ಮ ವಿಭಾಗದಲ್ಲಿ ಆ ಯಂತ್ರವನ್ನು ತೆಗೆಸಿ ಕಾಗದದ ಟವೆಲ್ ಇಡಿಸಿದ್ದೇವೆ.

ಒಬ್ಬರೇ ಮಗಳನ್ನು ಕರೆದುಕೊಂಡು ಬಂದ ತಂದೆಯರ ಸಂಕಟವನ್ನು ಬೇರೆಯಾಗಿ ಹೇಳಲೇಬೇಕು. ಗಂಡಸರ ಶೌಚಾಲಯಕ್ಕೆ ಕರೆದೊಯ್ಯಲು ಮುಜುಗರ, ಹೆಂಗಸರದಕ್ಕೆ ತಾವು ಹೋಗುವಂತಿಲ್ಲ. ಕೆಲವರು ನಮ್ಮ ಸ್ವಚ್ಛತಾ ಸಿಬ್ಬಂದಿಯ ಕೈಗೆ ಮಗುವನ್ನು ಕೊಟ್ಟು, ‘ಅಮ್ಮಾ, ನೀವೇ ಕರೆದುಕೊಂಡು ಹೋಗಿ ಬನ್ನಿ’ ಎನ್ನುತ್ತಾರೆ. ನಂಬಿಕೆಯಿಂದ ಕೇಳುವ ಮಾತು, ಆದರೂ ನಾವು ಒಪ್ಪುವುದಿಲ್ಲ. ಪರಿಚಯವಿಲ್ಲದವರ ಜೊತೆ ಶೌಚಾಲಯಕ್ಕೆ ಹೋಗಬಹುದೆಂಬ ಪಾಠ ಯಾವ ಮಗುವಿಗೂ ಬೇಡ. ನಮ್ಮ ಸಿಬ್ಬಂದಿಯ ಕ್ಷೇಮಕ್ಕೂ ಆ ನಿಯಮ ಬೇಕು. ಅಂಥವರಿಗೆ ಅಂಗವಿಕಲರಿಗಾಗಿ ಇರುವ ದೊಡ್ಡ ಕೋಣೆಯನ್ನು ತೆರೆದುಕೊಡುತ್ತೇವೆ. ಅಲ್ಲಿ ಗಂಡು ಹೆಣ್ಣೆಂಬ ಫಲಕವಿಲ್ಲ, ತಂದೆ ಮಗಳು ಒಟ್ಟಿಗೆ ಹೋಗಬಹುದು. ಗಾಲಿಕುರ್ಚಿಯಲ್ಲಿ ಬಂದವರಿಗೆ ಮೊದಲ ಹಕ್ಕು, ಅದರಲ್ಲಿ ರಾಜಿಯಿಲ್ಲ.

ನನಗೆ ಈ ಕೆಲಸದ ಸೂಕ್ಷ್ಮಗಳನ್ನು ಹೇಳಿಕೊಟ್ಟವರಲ್ಲಿ ಮುಖ್ಯರು ಶೌಚಾಲಯ ನೋಡಿಕೊಳ್ಳುವ ಒಬ್ಬ ಹಿರಿಯಕ್ಕ. ಬೆಳಗಿನಿಂದ ಸಂಜೆಯವರೆಗೆ ಒದ್ದೆ ನೆಲದಲ್ಲಿ ನಿಂತು ಒರೆಸುತ್ತಲೇ ಇರುವವರು. ಊಟದ ಹೊತ್ತು ಮುಗಿಯುತ್ತಿದ್ದಂತೆ ಅವರು ಇನ್ನೊಂದು ಬಕೆಟ್, ಇನ್ನೊಂದು ಕಟ್ಟು ಕಾಗದ ತಂದಿಟ್ಟುಕೊಂಡು, ‘ಇನ್ನು ಅರ್ಧ ಗಂಟೆಯಲ್ಲಿ ಮಕ್ಕಳೆಲ್ಲ ಬರುತ್ತಾರೆ ನೋಡಿ’ ಎನ್ನುತ್ತಿದ್ದರು. ಹಾಗೆಯೇ ಆಗುತ್ತಿತ್ತು. ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಗುಣ, ಪುಟ್ಟ ಮಕ್ಕಳಲ್ಲಿ ಅದು ಇನ್ನೂ ಹೆಚ್ಚು. ಅದನ್ನು ಅವರು ಯಾವ ಪುಸ್ತಕವನ್ನೂ ನೋಡದೆ ಕಂಡುಕೊಂಡಿದ್ದರು. ಅವರ ಮಾತಿನ ಆಧಾರದ ಮೇಲೆಯೇ ಊಟದ ನಂತರ ಒಂದು ಗಂಟೆ ಅಲ್ಲಿಗೆ ಇನ್ನೊಬ್ಬರನ್ನು ನಿಯೋಜಿಸಿದೆವು. ಪೋಷಕರಿಗೆ ನಾನು ಹೇಳುವುದು, ಮಗುವಿಗೆ ಹನ್ನೆರಡಕ್ಕೇ ಊಟ ಮಾಡಿಸಿ, ಅರ್ಧ ಗಂಟೆ ನೆರಳಿನಲ್ಲಿ ಕುಳಿತು, ಶೌಚಕ್ಕೆ ಕೂರಿಸಿ, ಆಮೇಲೆ ನೀರಿಗೆ ಇಳಿಸಿ ಎಂದು. ಒಂದೂವರೆಯ ನೂಕುನುಗ್ಗಲೂ ತಪ್ಪುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕೊಳದ ನೀರೂ ಕಾರಣ. ಈಜಿಗೆಂದು ಮಾರುವ ಡಯಪರ್ ಮೂತ್ರವನ್ನು ತಡೆಯುವುದಿಲ್ಲ. ಗಟ್ಟಿ ಮಲವನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ, ಭೇದಿಯಾದರೆ ರೋಗಾಣುಗಳು ನಿಮಿಷಗಳಲ್ಲಿ ನೀರಿಗೆ ಸೇರುತ್ತವೆ. ಕೊಳದ ಬಳಿ ಮೂಗಿಗೆ ಬಡಿಯುವ, ಕಣ್ಣು ಉರಿಸುವ ವಾಸನೆ ಬರುವುದು ಮೂತ್ರ, ಬೆವರಿನ ಜೊತೆ ಕ್ಲೋರಿನ್ ಬೆರೆತು ಕ್ಲೋರಮೈನ್ ಆದಾಗ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ಸೂಚನೆಯಂತೆ, ಗಟ್ಟಿ ಮಲ ಬಿದ್ದರೆ ಎಲ್ಲರನ್ನೂ ಹೊರಗೆ ಕಳುಹಿಸಿ, ಅದನ್ನು ತೆಗೆದು, ಕ್ಲೋರಿನ್ ಅನ್ನು 2 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಎರಡು ಭಾಗ) ಮಟ್ಟದಲ್ಲಿ 25 ನಿಮಿಷ ಕಾಯ್ದುಕೊಳ್ಳಬೇಕು. ಭೇದಿಯಾದರೆ, ಬಿಸಿಲಿಗೆ ಕ್ಲೋರಿನ್ ನಾಶವಾಗದಂತೆ ಹಾಕುವ ಸಯನ್ಯೂರಿಕ್ ಆಮ್ಲ ಬೆರೆಸದ ಕೊಳದಲ್ಲಿ 20 ಪಿಪಿಎಂ ಮಟ್ಟವನ್ನು 12 ಗಂಟೆ 45 ನಿಮಿಷ ಉಳಿಸಿಕೊಳ್ಳಬೇಕು. ಕ್ರಿಪ್ಟೋಸ್ಪೋರಿಡಿಯಂ ಎಂಬ ರೋಗಾಣು ಮಾಮೂಲಿ ಕ್ಲೋರಿನ್ ನೀರಿನಲ್ಲಿ ವಾರಕ್ಕೂ ಹೆಚ್ಚು ಬದುಕಬಲ್ಲದು ಎಂಬುದೇ ಇದಕ್ಕೆ ಕಾರಣ. ಅಂದರೆ ಆ ಕೊಳ ಆ ದಿನಕ್ಕೆ ಮುಚ್ಚಿದಂತೆಯೇ. ಗಂಟೆಗೊಮ್ಮೆ ಮಗುವನ್ನು ನೀರಿನಿಂದ ಎಬ್ಬಿಸಿ ಎಂದು ನಾವು ಧ್ವನಿವರ್ಧಕದಲ್ಲಿ ಹೇಳುವುದು ಇದಕ್ಕಾಗಿ. ಭೇದಿಯಾಗುತ್ತಿರುವ ಮಗುವನ್ನು ದಯವಿಟ್ಟು ನೀರಿಗೆ ಇಳಿಸಬೇಡಿ, ಟಿಕೆಟ್ ತೆಗೆದುಕೊಂಡಾಗಿದೆ ಎಂದೂ ಇಳಿಸಬೇಡಿ.

ಕೊಳ ಮುಚ್ಚಬೇಕಾಗಿ ಬಂದಾಗ ಯಾರ ಮಗುವಿನಿಂದ ಎಂಬುದನ್ನು ನಮ್ಮವರು ಬಾಯಿ ಬಿಡುವುದಿಲ್ಲ, ಆ ಕಡೆ ಕಣ್ಣು ಹಾಯಿಸುವುದೂ ಇಲ್ಲ. ‘ನೀರನ್ನು ಶುದ್ಧಗೊಳಿಸುತ್ತಿದ್ದೇವೆ, ಪಕ್ಕದ ಕೊಳಕ್ಕೆ ಬನ್ನಿ’ ಎಂದಷ್ಟೇ ಹೇಳುತ್ತಾರೆ. ಒಣ ಜಾಗದಲ್ಲಿ ಚಡ್ಡಿ ಒದ್ದೆ ಮಾಡಿಕೊಂಡ ಮಗುವಿನ ವಿಷಯದಲ್ಲೂ ಹೀಗೆಯೇ. ಅವಮಾನ ತಾಳಲಾರದೆ ಜನರ ಎದುರಿಗೇ ಮಗುವಿಗೆ ಹೊಡೆಯುವ ದೊಡ್ಡವರನ್ನು ನೋಡಿದಾಗ ನನ್ನ ಕರುಳು ಚುರುಕ್ಕೆನ್ನುತ್ತದೆ. ಕೌಂಟರಿನಲ್ಲಿ ಒಗೆದು ಮಡಿಸಿಟ್ಟ ಚಡ್ಡಿಗಳ ಒಂದು ಡಬ್ಬಿ ಇಟ್ಟಿದ್ದೇವೆ. ಹುಡುಗಿಯೊಬ್ಬಳು ಅಲ್ಲಿ ನಿಂತು ಬಿಕ್ಕುತ್ತಿದ್ದಾಗ ನಮ್ಮ ಹಿರಿಯಕ್ಕ ಮಂಡಿಯೂರಿ ಕುಳಿತು, ‘ಪುಟ್ಟೀ, ಇದು ನೀರಿನ ಪಾರ್ಕು. ಇಲ್ಲಿ ಎಲ್ಲರ ಚಡ್ಡಿಯೂ ಒದ್ದೆಯೇ, ನೋಡು, ನಿನ್ನ ಅಪ್ಪನದೂ ಒದ್ದೆ’ ಎಂದರು. ಅವಳು ಅಪ್ಪನ ಕಡೆ ತಿರುಗಿ ನೋಡಿ ಅಳು ನಿಲ್ಲಿಸಿದಳು. ಬಯ್ಯಲು ಬಾಯಿ ತೆರೆದಿದ್ದ ಅವರೂ ನಕ್ಕುಬಿಟ್ಟರು.

ಸಂಜೆ ಪಾರ್ಕು ಮುಚ್ಚುವ ಪ್ರಕಟಣೆ ಬಂದ ಮೇಲೆ ಸಾವಿರಾರು ಜನ ಒಮ್ಮೆಗೇ ಶೌಚಾಲಯಗಳತ್ತ ನುಗ್ಗುತ್ತಾರೆ. ಪುಟ್ಟ ಮಕ್ಕಳಿರುವವರು ಅದಕ್ಕೆ ಅರ್ಧ ಗಂಟೆ ಮೊದಲೇ ಹೋಗಿ ಬರಲಿ. ಭಾನುವಾರದ ಸಂಜೆ ಊರೊಳಗೆ ಸೇರುವ ರಸ್ತೆಗಳಲ್ಲಿ ವಾಹನಗಳು ಎಷ್ಟು ಹೊತ್ತು ನಿಲ್ಲುತ್ತವೆಂದು ಬೆಂಗಳೂರಿನವರಿಗೆ ನಾನು ಹೇಳಬೇಕಿಲ್ಲ.

ಇಷ್ಟೆಲ್ಲ ಪೋಷಕರಿಗೆ ಹೇಳುವ ನಾವು ನಮ್ಮ ಕಡೆಯಿಂದ ಮಾಡಬೇಕಾದದ್ದೂ ಬಾಕಿ ಇದೆ. ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ನಾಲ್ಕೂ ಥೀಮ್ ಪಾರ್ಕುಗಳಲ್ಲಿ ಹಾಲೂಡಿಸಲು, ಡಯಪರ್ ಬದಲಿಸಲು ಪ್ರತ್ಯೇಕ ಶಿಶು ಆರೈಕೆ ಕೇಂದ್ರಗಳಿವೆ. ಅವುಗಳ ಚಿತ್ರಗಳನ್ನು ಲಗತ್ತಿಸಿಯೇ ನಾನು ಆಡಳಿತಕ್ಕೆ ಮನವಿ ಕೊಟ್ಟೆ. ಮಕ್ಕಳ ಎತ್ತರದ ಎರಡು ಕಮೋಡ್‌ಗಳಿಗೆ ಒಪ್ಪಿಗೆ ಸಿಕ್ಕಿದೆ, ಬೇಸಿಗೆ ರಜೆಗೆ ಮುನ್ನ ಕೂರಿಸುತ್ತೇವೆಂದಿದ್ದಾರೆ. ಮಗು ತಾನೇ ಕೈ ತೊಳೆಯಬಹುದಾದ ತಗ್ಗಿನ ಬೇಸಿನ್ನಿಗೂ, ಗಂಡಸರ ಕಡೆಯೂ ಡಯಪರ್ ಬದಲಿಸುವ ಒಂದು ಹಲಗೆಗೂ ಕೇಳಿದ್ದೇನೆ. ಹಲಗೆಯ ಮಾತಿಗೆ ‘ಗಂಡಸರು ಯಾರು ಬದಲಿಸುತ್ತಾರೆ?’ ಎಂಬ ಉತ್ತರ ಬಂತು. ಮಗುವನ್ನು ಬೆಂಚಿನ ಮೇಲೆ ಮಲಗಿಸಿ ಡಯಪರ್ ಬದಲಿಸುವ ತಂದೆಯರನ್ನು ನಾನು ದಿನವೂ ನೋಡುತ್ತೇನೆ. ಮುಂದಿನ ಸಭೆಗೆ ಅದನ್ನೇ ಬರೆದು ಕೊಡುತ್ತಿದ್ದೇನೆ.