ಮಾಸ್ಕ್ ಅಂದ್ರೆ ಪಿನ್‌ಕೋಡ್‌ನ ಮೊದಲ ಮೂರಂಕಿ

ಆಲ್ಟೆರಾ ಎಫ್‌ಪಿಜಿಎದಲ್ಲಿ (ಬೇಕಾದಂಗ ಸರ್ಕ್ಯೂಟ್ ಮಾಡ್ಕೊಳ್ಳೋ ಚಿಪ್) ಸೀರಿಯಲ್ ರ್‍ಯಾಪಿಡ್‌ಐಒ ಕೋರ್ (ಚಿಪ್‌ಗಳ ನಡುವೆ ಡೇಟಾ ಸಾಗಿಸುವ ಸಿದ್ಧ ಭಾಗ) ಕೂರಿಸುವವರು ಬೇಸ್, ಮಾಸ್ಕ್, ಆಫ್‌ಸೆಟ್ ರಿಜಿಸ್ಟರ್‌ಗಳನ್ನ ಸ್ವಲ್ಪ ನಿಂತು ನೋಡ್ರಿ. ಬಂದ ವಿಳಾಸವನ್ನ ಬ್ಯಾರೆ ವಿಳಾಸಕ್ಕೆ ಬದಲಿಸೋದು ಇವೇ.

ಟಿಳಕವಾಡಿ 590006, ಉದ್ಯಮಬಾಗ್ 590008. ಮೊದಲ 590 ನೋಡಿದರೆ ಸಾಕು, ಟಪಾಲು ಬೆಳಗಾವಿ ಕಡೆ ತಿರುಗತದ. ಮಾಸ್ಕ್ ಮಾಡೋದೂ ಅದನ್ನೇ. ಅದರಲ್ಲಿ 1 ಇರುವ ಕಡೆ, ಬಂದ ವಿಳಾಸದ ಬಿಟ್‌ಗಳನ್ನ ಬೇಸ್ ಜೊತೆ ಹೋಲಿಸತದ. ಹೊಂದಿದರೆ ಆ ಬಿಟ್‌ಗಳ ಜಾಗಕ್ಕೆ ಆಫ್‌ಸೆಟ್‌ನವು ಬರತಾವ, ಉಳಿದವು ಇದ್ದಂಗೇ ದಾಟತಾವ.

ಬೇಸ್ ಹೆಕ್ಸ್‌ನಲ್ಲಿ (16ರ ಎಣಿಕೆ, ಒಂದಂಕಿ 4 ಬಿಟ್) 1000 0000, ಆಫ್‌ಸೆಟ್ 8000 0000, ಮಾಸ್ಕ್‌ನ ಮೇಲಿನ 16 ಬಿಟ್ 1. ಉಳಿದ 16 ಬಿಟ್‌ನಿಂದ ಇದು 64 ಕೆಬಿ ಕಿಟಕಿ, ಅಂದ್ರೆ ಹೊಂದುವ ವಿಳಾಸಗಳ ಸಾಲು. 1000 2340 ಬಂದರೆ 8000 2340 ಆಗಿ ಹೊರಬೀಳತದ. ಇಲ್ಲಿ ಆಫ್‌ಸೆಟ್‌ಗೆ 8000 8000 ಬರೆದ್ರೆ ಕೆಳಗಿನ 8000 ಸದ್ದಿಲ್ಲದೆ ಬಿದ್ದುಹೋಗತದ! ಎರರ್ ಬರಂಗಿಲ್ಲ, ಡೇಟಾ ಮಾತ್ರ ಬ್ಯಾರೆ ಕಡೆ ಕೂತಿರತದ. ಹುಡುಕೋದು ಭಾಳ ಕಷ್ಟ.

ಕಿಟಕಿ ತೆರೆಯುವ ಎನೇಬಲ್ ಬಿಟ್ ಮಾಸ್ಕ್ ರಿಜಿಸ್ಟರ್‌ನಲ್ಲೇ ಅದ, ಬಿಟ್ 2, ಅಂದ್ರೆ ಮೌಲ್ಯ 4. ಮರೆತರೆ ಉಳಿದದ್ದೆಲ್ಲ ಸರಿಯಿದ್ದರೂ ವಿಳಾಸ ಹೊಂದಂಗಿಲ್ಲ. ಮಾಸ್ಕ್ ಬರೆದಾಗಲೇ ಕಿಟಕಿ ತೆರೆಯತದ, ಅದಕ್ಕೇ ಬೇಸ್, ಆಫ್‌ಸೆಟ್ ಮೊದಲು ಬರೀರಿ, ಮಾಸ್ಕ್ ಕೊನೆಗೆ.