ಮೂತಿ ತಾಗಿಸಿ ಹಿಂದೆ ಸರಿದ ಹಸು

ಬಾನಿಯ ನೀರು ಹೆಪ್ಪುಗಟ್ಟದಿರಲೆಂದು ಹೀಟರ್ ಇಳಿಬಿಟ್ಟ ನಾಲ್ಕನೆಯ ದಿನ, ಅಂದರೆ ಈ ಸೋಮವಾರ ಬೆಳಿಗ್ಗೆ, ನಮ್ಮ ಕೆಂದ ಹಸು ನೀರಿನತ್ತ ಕತ್ತು ಚಾಚಿ, ಮೂತಿಯ ತುದಿಯನ್ನಷ್ಟೇ ತಾಗಿಸಿ, ಬೆಚ್ಚಿ ಹಿಂದೆ ಸರಿಯಿತು. ತುಸು ಹೊತ್ತು ನಿಂತು ಮತ್ತೆ ಬಂದು, ನಾಯಿಯಂತೆ ಎರಡು ಸಲ ನೆಕ್ಕಿ, ಮತ್ತೆ ಸರಿಯಿತು. ನೀರಿನ ಮೇಲೆ ಮಂಜುಗಡ್ಡೆಯ ತೆಳುಪದರವೂ ಇರಲಿಲ್ಲ. ಅಂದು ಸಂಜೆ ಹಾಲು ಕಡಿಮೆಯಾಯಿತು. ಹಾಲಿನಲ್ಲಿ ಶೇ. 87ರಷ್ಟು ನೀರೇ ಇರುವಾಗ, ದಿನಕ್ಕೆ 60 ಲೀಟರಿಗೂ ಹೆಚ್ಚು ಕುಡಿಯಬೇಕಾದ ಹಸು ಬಾಯಾರಿ ನಿಂತರೆ ಕೆಚ್ಚಲಿಗೆ ಎಲ್ಲಿಂದ ಬರಬೇಕು?

ಹೀಟರ್ ಜೋಡಿಸಿಕೊಟ್ಟವರು ಬಾವ. ತಾವು ಮಾಡಿದ ಕೆಲಸದಲ್ಲಿ ದೋಷವಿರಬಹುದೆಂಬ ಅನುಮಾನ ಅವರಿಗೆ ಇಂದಿನವರೆಗೂ ಬಂದದ್ದಿಲ್ಲ. ಒಳ್ಳೆಯವರು, ಕರೆದಾಗಲೆಲ್ಲ ಬರುವವರು, ಆದರೆ ಹೀಗೆ. ನಾನು ಅಳುಕುತ್ತಲೇ, "ಬಾವಾ, ನೀರಿನಲ್ಲಿ ಕರೆಂಟು ಬರುತ್ತಿರಬಹುದೇ?" ಎಂದೆ. ಅವರು ತೋಳು ಮಡಚಿ, ಮೊಣಕೈವರೆಗೆ ಕೈಯದ್ದಿ, "ನಾನೇ ಕೈ ಹಾಕಿ ನೋಡುತ್ತಿದ್ದೇನೆ ಕಣಯ್ಯ, ಏನೂ ಇಲ್ಲ" ಎಂದರು. ನಾನೂ ಕೈ ಹಾಕಿದೆ. ಏನೂ ಇರಲಿಲ್ಲ.

ಆ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ಅವರ ಕೈ, ಅವರ ಮಾತು, ನನ್ನ ಕೈ, ಇವೇ ಸುತ್ತಿ ಸುತ್ತಿ ಬರುತ್ತಿದ್ದವು. ಎಷ್ಟನೆಯ ಸಲವೋ ತಿಳಿಯದು, ಕಣ್ಣು ಕೈಯಿಂದ ಕೆಳಗಿಳಿದು ಕಾಲಿನ ಮೇಲೆ ನಿಂತಿತು. ಇಬ್ಬರೂ ರಬ್ಬರಿನ ಗಮ್‌ಬೂಟು ತೊಟ್ಟಿದ್ದೆವು. ಹಸು ನಿಂತಿದ್ದುದು ಒದ್ದೆ ಕಾಂಕ್ರೀಟಿನ ಮೇಲೆ, ನಾಲ್ಕು ಬರಿಗೊರಸುಗಳಲ್ಲಿ.

ಮರುದಿನ ಬಂದ ಎಲೆಕ್ಟ್ರಿಷಿಯನ್ ಮೀಟರಿನ ಒಂದು ತುದಿಯನ್ನು ನೀರಿಗೂ ಇನ್ನೊಂದನ್ನು ಹಸು ನಿಲ್ಲುವ ನೆಲಕ್ಕೂ ಮುಟ್ಟಿಸಿದಾಗ ಮೂರು ವೋಲ್ಟಿನಷ್ಟು ತೋರಿಸಿತು. ನಮಗದು ಲೆಕ್ಕಕ್ಕೇ ಇಲ್ಲ. ಆದರೆ ಒದ್ದೆ ಮೂತಿಯಿಂದ ಗೊರಸಿನವರೆಗೆ ಹಸುವಿನ ದೇಹ ವಿದ್ಯುತ್ತಿಗೆ ಒಡ್ಡುವ ತಡೆ ಬಹಳ ಕಡಿಮೆ, ಸುಮಾರು 500 ಓಮ್ ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಪ್ರತಿ ಗುಟುಕಿಗೂ ಅದರ ಮೈಯಲ್ಲಿ ಆರು ಮಿಲಿಆಂಪಿಯರ್ ಹರಿಯುತ್ತಿತ್ತು. ಹೀಟರಿನ ವೈರನ್ನು ಯಾವುದೋ ಹಸು ಅಗಿದು ಬಿರುಕು ಬಿಡಿಸಿತ್ತು; ಬಾವ ಬಳಸಿದ್ದ ಎಕ್ಸ್‌ಟೆನ್ಶನ್ ಬೋರ್ಡಿಗೆ ಅರ್ಥಿಂಗೇ ಇರಲಿಲ್ಲ. ಬಿರುಕು ಇನ್ನಷ್ಟು ಬಾಯಿ ಬಿಟ್ಟಿದ್ದರೆ, ನಾವು ಅಷ್ಟು ಧೈರ್ಯದಿಂದ ಅದ್ದಿದ ಕೈಗಳ ಗತಿ ಏನಾಗುತ್ತಿತ್ತೆಂದು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಪ್ಲಗ್ ಕೀಳದೆ ಆ ನೀರಿಗೆ ಕೈ ಹಾಕಿದ್ದೇ ಮೂರ್ಖತನ.

ಈಗ ವೈರು ಹಸುವಿನ ಬಾಯಿಗೆ ಸಿಗದಂತೆ ಪೈಪಿನೊಳಗೆ ಹೋಗಿದೆ, ಬಾನಿಗೆ ಅರ್ಥಿಂಗ್ ಆಗಿದೆ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಬ್ರೇಕರ್ ಕುಳಿತಿದೆ. ಬಾನಿಯ ಸುತ್ತ ಥರ್ಮಾಕೋಲ್ ಇಟ್ಟು ಹಲಗೆ ಹೊಡೆದು, ಒಂದು ಮೂತಿ ಹಿಡಿಸುವಷ್ಟು ಕಿಂಡಿ ಬಿಟ್ಟು ಉಳಿದುದಕ್ಕೆಲ್ಲ ಮುಚ್ಚಳ ಹಾಕಿದ್ದೇನೆ. ನೀರು ಅತ್ಯಂತ ಭಾರವಾಗುವುದು ನಾಲ್ಕು ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದದ್ದು ಮೇಲೆಯೇ ಉಳಿದು ಅಲ್ಲಿಯೇ ಹೆಪ್ಪುಗಟ್ಟುವುದರಿಂದ, ಮೊದಲು ಕಾಪಾಡಬೇಕಾದದ್ದು ಮೇಲ್ಮೈಯನ್ನು. ಇಷ್ಟನ್ನು ಮೊದಲೇ ಮಾಡಿದ್ದರೆ ಹೀಟರ್ ಹಗಲಿಡೀ ಉರಿಯಬೇಕಿರಲಿಲ್ಲ.

ನಿನ್ನೆ ಕೆಂದ ಮತ್ತೆ ಬಾನಿಗೆ ಬಂತು. ಮೂತಿಯ ತುದಿ ತಾಗಿಸಿತು, ಹಿಂದೆ ಸರಿಯಿತು, ಕಾಯಿತು. ಬಹಳ ಹೊತ್ತಿನ ಮೇಲೆ ಕಿಂಡಿಯೊಳಗೆ ಮುಖವಿಟ್ಟು ಉಸಿರೂ ಬಿಡದೆ ಕುಡಿಯತೊಡಗಿತು. ಗಮ್‌ಬೂಟಿನಲ್ಲಿ ಪಕ್ಕಕ್ಕೆ ನಿಂತಿದ್ದ ಬಾವ, "ನೋಡಿದೆಯಾ, ಅವತ್ತು ಅದಕ್ಕೆ ಬಾಯಾರಿಕೆ ಇರಲಿಲ್ಲ, ಅಷ್ಟೇ" ಎಂದರು.